ಕ್ಷಮಿಸಿದವರು ಸಾಕ್ಷಿ ಹೇಳಬಾರದಾ?

ಪ್ರಶ್ನೆ: ಅಕ್ಕ, ಹೋದ ಡಿಸೆಂಬರ್‌ನಲ್ಲಿ ನಾನೂ ತಮ್ಮನೂ ಸಂತೆಯಿಂದ ಸ್ಕೂಟರ್‌ನಲ್ಲಿ ಬರುತ್ತಿದ್ದೆವು. ಎದುರಿನಿಂದ ಬಂದ ಕಾರು ಗುದ್ದಿ ತಮ್ಮ ಅಲ್ಲೇ ಹೋಗಿಬಿಟ್ಟ. ಕ್ರಿಸ್‌ಮಸ್ ಕರ್ಜಿಕಾಯಿಗೆ ತಂದಿದ್ದ ರವೆ ರಸ್ತೆ ತುಂಬಾ ಚೆಲ್ಲಿತ್ತು. ಕಾರಿನ ಹುಡುಗ ಕುಡಿದಿದ್ದ. ಮುಂದಿನ ತಿಂಗಳು ಕೋರ್ಟಿನಲ್ಲಿ ನನ್ನ ಸಾಕ್ಷಿ. ಹುಡುಗನ ತಂದೆ ಮನೆಗೆ ಬಂದು, ರಾಜಿ ಮಾಡಿಕೊಳ್ಳಿ ಎಂದು ಅಮ್ಮನ ಕಾಲು ಹಿಡಿದರು. ಸಭೆಯ ಹಿರಿಯರೊಬ್ಬರು ‘ಕ್ಷಮಿಸಮ್ಮ, ಕೋರ್ಟು ನಮ್ಮಂಥ ವಿಶ್ವಾಸಿಗಳಿಗಲ್ಲ’ ಅಂತಾರೆ. ದೊಡ್ಡಪ್ಪನ ಮಗ ‘ಅವನ ಕಾಲು ಮುರಿಸ್ತೀನಿ’ ಅಂತಾನೆ. ನಿಜ ಹೇಳಬೇಕೆಂದರೆ, ಅದನ್ನು ಕೇಳಿ ಒಳಗೊಳಗೇ ಖುಷಿಯಾಯಿತು. ನಾನು ಏನು ಮಾಡಲಿ?

ಉತ್ತರ: ತಂಗೀ, ಮೊದಲು ಆ ಖುಷಿಯ ಮಾತು. ಅದಕ್ಕೆ ನಾಚಿಕೊಳ್ಳಬೇಡ. ‘ದೇವರೇ, ಅವರ ಹಲ್ಲು ಮುರಿ’ ಎಂದು ಬೇಡಿಕೊಂಡ ಕೀರ್ತನೆ ನಮ್ಮ ಬೈಬಲಿನಲ್ಲೇ ಇದೆ, 58ನೆಯದು. ಅಷ್ಟು ಸಿಟ್ಟನ್ನು ದೇವರ ಮುಂದೆ ಸುರಿಯಬಹುದು. ಆದರೆ ಅದನ್ನು ದೊಡ್ಡಪ್ಪನ ಮಗನ ಕೈಗೆ ಕೊಡಬೇಡ. ಆ ಹುಡುಗನ ಕಾಲು ಮುರಿದರೆ ಆ ಸಂಜೆ ನಡೆದದ್ದು ಹಿಂದೆ ಬೀಳುತ್ತದೆ. ಅವನೇ ಪೆಟ್ಟು ತಿಂದವನಾಗುತ್ತಾನೆ, ನಿಮ್ಮಣ್ಣ ಜೈಲಿಗೆ ಹೋಗುತ್ತಾನೆ. ಪೌಲನು ರೋಮಾಪುರದವರಿಗೆ ಬರೆದದ್ದೂ ಇದನ್ನೇ: ಮುಯ್ಯಿ ತೀರಿಸುವುದು ನಿಮ್ಮ ಕೆಲಸವಲ್ಲ.

ಇನ್ನು ಹಿರಿಯರ ಮಾತು. ನನಗೆ ಬೇಜಾರಾದದ್ದು ಇಲ್ಲೇ. ಕ್ಷಮೆ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಂತ ಎಷ್ಟೋ ಹೆಣ್ಣುಮಕ್ಕಳಿಗೆ ಹೀಗೆ ಹೇಳಿದ್ದಾರೆ. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನೂ ತೋರಿಸು ಅಂದ ಯೇಸುವಿಗೇ, ಮಹಾಯಾಜಕನ ಎದುರು ಓಲೇಕಾರನೊಬ್ಬ ಹೊಡೆದ. ಆತ ತಿರುಗಿ ಹೊಡೆಯಲಿಲ್ಲ, ಸುಮ್ಮನೂ ಇರಲಿಲ್ಲ. ‘ನಾನು ತಪ್ಪಾಗಿ ಮಾತಾಡಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆದೆ?’ ಎಂದು ಕೇಳಿದ. ಯೋಹಾನನ ಸುವಾರ್ತೆ 18ನೇ ಅಧ್ಯಾಯದಲ್ಲಿದೆ, ಇವತ್ತು ಅಮ್ಮನಿಗೂ ಓದಿ ಹೇಳು. ಲೂಕನ 18ನೇ ಅಧ್ಯಾಯವನ್ನೂ ಓದು. ನ್ಯಾಯ ಕೊಡು, ನ್ಯಾಯ ಕೊಡು ಎಂದು ನ್ಯಾಯಾಧಿಪತಿಯ ಬೆನ್ನು ಬಿಡದ ವಿಧವೆಯೊಬ್ಬಳನ್ನು ಯೇಸು ಪ್ರಾರ್ಥನೆಗೆ ಮಾದರಿಯಾಗಿ ತೋರಿಸುತ್ತಾನೆ.

ಗ್ಲಾಡಿಸ್ ಸ್ಟೇನ್ಸ್ ಅವರ ಹೆಸರು ಕೇಳಿರುತ್ತೀಯ. 1999ರ ಜನವರಿಯ ಒಂದು ರಾತ್ರಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ, ಪುಟ್ಟ ಮಕ್ಕಳಾದ ಫಿಲಿಪ್, ತಿಮೋತಿ ಗಾಡಿಯೊಳಗೆ ಮಲಗಿದ್ದರು. ಗುಂಪೊಂದು ಬೆಂಕಿ ಹಚ್ಚಿ ಮೂವರನ್ನೂ ಸುಟ್ಟಿತು. ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು. ಮಗಳು ಎಸ್ತೇರಳ ಜೊತೆ ಬಾರಿಪದಾದಲ್ಲೇ ಉಳಿದು, ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಹಾಗಂತ ಕೇಸು ನಿಲ್ಲಲಿಲ್ಲ. ಮುಖ್ಯ ಆರೋಪಿಗೆ ಕೆಳಗಿನ ಕೋರ್ಟು ಕೊಟ್ಟ ಗಲ್ಲು ಹೈಕೋರ್ಟಿನಲ್ಲಿ ಜೀವಾವಧಿಯಾಯಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಫಲ ಬೇರೆ, ಎರಡನ್ನೂ ಬೆರೆಸಬೇಡಿ ಎಂಬುದು ಗ್ಲಾಡಿಸ್ ಅವರ ನಿಲುವಾಗಿತ್ತು.

ಹುಡುಗನ ತಂದೆ ಕೇಳುತ್ತಿರುವ ‘ರಾಜಿ’ ಏನು ಅಂತಲೂ ತಿಳಿದುಕೋ. ಇದು ಸರ್ಕಾರ ನಡೆಸುವ ಕೇಸು. ಸಾವು ತಂದ ಅಜಾಗರೂಕತೆಯ ಕೇಸನ್ನು ಎರಡೂ ಕಡೆಯವರು ಕೂತು ಮುಗಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ವಿಮೆಯ ಪರಿಹಾರದ ಕೇಸು ಬೇರೆ, ಅದನ್ನು ಇದಕ್ಕೆ ಗಂಟು ಹಾಕಲು ಬಿಡಬೇಡ. ಅಂದಮೇಲೆ ರಾಜಿ ಅಂದರೆ ಉಳಿಯುವುದು ಒಂದೇ, ನೀನು ಕಟಕಟೆಯಲ್ಲಿ ನಿಂತು ‘ನಾನೇನೂ ನೋಡಲಿಲ್ಲ’ ಅನ್ನುವುದು. ಅದು ಕ್ಷಮೆಯಲ್ಲ, ಸುಳ್ಳು ಸಾಕ್ಷಿ. ಹತ್ತು ಆಜ್ಞೆಗಳಲ್ಲಿ ಅದಕ್ಕೆಂದೇ ಒಂದು ಆಜ್ಞೆ ಇದೆ ಅಲ್ವಾ? ಆ ತಂದೆ ಮತ್ತೆ ಬಂದರೆ ಬೈಯಬೇಡ. ಅವರೂ ಮಗನಿಗಾಗಿ ಸಂಕಟ ಪಡುತ್ತಿದ್ದಾರೆ. ಕೂರಿಸಿ, ನೀರು ಕೊಡು. ‘ನಿಮ್ಮ ಮಗನ ಮೇಲೆ ಹಗೆ ಇಟ್ಟುಕೊಳ್ಳದ ಹಾಗೆ ಪ್ರಾರ್ಥನೆ ಮಾಡ್ತಿದ್ದೀನಿ, ಆದರೆ ನೋಡಿದ್ದನ್ನು ಹೇಳಿಯೇ ಹೇಳ್ತೀನಿ’ ಅನ್ನು.

ನೋಡಿದ್ದನ್ನು ಮಾತ್ರ ಹೇಳು. ಸೇಡು ನುಸುಳುವುದು ಇಲ್ಲೇ, ಕೋರ್ಟಿನ ಒಳಗೂ ನುಸುಳುತ್ತದೆ. ‘ಕಾರು ನೂರಿಪ್ಪತ್ತರಲ್ಲಿತ್ತು ಅನ್ನು, ಕೇಸು ಗಟ್ಟಿಯಾಗುತ್ತೆ’ ಎಂದು ಯಾರಾದರೂ ಹೇಳಿಕೊಡಬಹುದು. ನಿನಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ಕಾರು ಯಾವ ಬದಿಯಲ್ಲಿ ಬಂತು, ಹುಡುಗ ಇಳಿದಾಗ ಹೇಗೆ ನಿಂತ, ನಿನ್ನ ಮೂಗಿಗೆ ಏನು ವಾಸನೆ ಬಂತು, ಅಷ್ಟು ಸಾಕು. ಶಿಕ್ಷೆ ಎಷ್ಟು ಅನ್ನುವುದು ನಿನ್ನ ತಲೆಭಾರವಲ್ಲ. ನೀನು ಹೇಳಿದ ನಿಜದಿಂದ ಆ ಹುಡುಗ ಇನ್ನೊಮ್ಮೆ ಕುಡಿದು ಸ್ಟೇರಿಂಗ್ ಮುಟ್ಟದಂತಾದರೆ ಅವನಿಗೂ ಒಳ್ಳೆಯದೇ.

ಕ್ಷಮಿಸಲು ಇನ್ನೂ ಆಗುತ್ತಿಲ್ಲವೆಂದರೆ ಅವಸರ ಬೇಡ. ವಾಯಿದೆ ಇರುವುದು ಕೋರ್ಟಿಗೆ, ಕ್ಷಮೆಗಲ್ಲ. ಒಂದು ದಿನ ಆಯಿತು ಅನ್ನಿಸಿ, ಮರುದಿನ ಅಂಗಡಿಯಲ್ಲಿ ರವೆ ಚೀಲ ಕಂಡು ಮತ್ತೆ ಹೊಟ್ಟೆ ಉರಿಯಬಹುದು. ಆಗ ಮತ್ತೆ ಮೊದಲಿನಿಂದ ಶುರು ಮಾಡು.

ದೊಡ್ಡಪ್ಪನ ಮಗನಿಗೆ ಮಾತ್ರ ಇವತ್ತೇ ಫೋನ್ ಮಾಡಿ ‘ಬೇಡ’ ಅನ್ನು. ಸಾಕ್ಷಿಯ ದಿನ ಅವನನ್ನೇ ಜೊತೆಗೆ ಕರೆದುಕೊಂಡು ಹೋಗು. ಹೋದವನು ಅವನಿಗೂ ತಮ್ಮನೇ ಅಲ್ವಾ.