ವಾದ ಗೆದ್ದಿರಿ, ಭಾವ ಹೆಲ್ಮೆಟ್ ಹಾಕಲಿಲ್ಲ

ಹಾಸನದಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಭಾವ ಹೆಲ್ಮೆಟ್ ಹಾಕುವುದಿಲ್ಲ. ಹಬ್ಬದ ಊಟಕ್ಕೆ ಎಲ್ಲರೂ ಕೂತಿದ್ದಾಗ ಯಾಕೆ ಅಂತ ಕೇಳಿದೆ. ‘ಮೂವತ್ತು ವರ್ಷದಿಂದ ಬೈಕ್ ಓಡಿಸ್ತಿದೀನಿ, ಏನಾಗಿದೆ?’ ಅಂದರು. ‘ಕಾಲೇಜಿಗೆ ಹೋಗುವಾಗ ನೀನು ಹಾಕ್ತಿದ್ಯಾ?’ ಅಂದರು. ‘ಇದೆಲ್ಲ ಹೆಲ್ಮೆಟ್ ಕಂಪನಿಯವರ ಕಿತಾಪತಿ’ ಅಂದರು. ಹೆಲ್ಮೆಟ್ ಇಲ್ಲದೆ ಬಿದ್ದವರು ಯಾರೂ ಉಳಿಯಲ್ಲ ಅಂತ ನಾನೂ ರೇಗಿದೆ. ಮೊಬೈಲ್ ತೆಗೆದು, ಅವರು ಹೇಳಿದ್ದು ಯಾವ್ಯಾವ ಬಗೆಯ ಕುತರ್ಕ ಅಂತ ಓದಿ ಹೇಳಿದೆ. ಎಲ್ಲರೂ ನಕ್ಕರು, ನನ್ನನ್ನು ನೋಡಿ. ತರ್ಕ ನನ್ನ ಕಡೆಗಿತ್ತು. ಆದರೂ ಸೋತೆ, ಯಾಕೆ? ಅಂದ ಹಾಗೆ, ಅಕ್ಕನಿಗೆ ಮಾತ್ರ ಒಳ್ಳೆ ಹೆಲ್ಮೆಟ್ ಕೊಡಿಸಿದ್ದಾರೆ."

ಸಂಪಾದಕರ ಉತ್ತರ:

ಬೇಜಾರು ಮಾಡಿಕೊಳ್ಳಬೇಡಿ, ಪತ್ರ ಓದಿ ನಾನೂ ನಕ್ಕೆ. ಎಲೆ ಮುಂದೆ ಕೂತವರಿಗೆ ಕುತರ್ಕದ ಪಟ್ಟಿ ಓದಿ ಹೇಳಿದರೆ ಇನ್ನೇನಾಗುತ್ತೆ ಹೇಳಿ!

ಆದರೆ ಭಾವನ ಮೂವತ್ತು ವರ್ಷದ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅದು ಅವರ ಅನುಭವ, ಸುಳ್ಳಲ್ಲ. ತೊಡಕು ಬೇರೆ ಕಡೆ ಇದೆ. ಏನೂ ಆಗದವರು ಹಬ್ಬದ ಊಟಕ್ಕೆ ಬಂದು ತಮ್ಮ ಕಥೆ ಹೇಳುತ್ತಾರೆ. ಆದವರು ಆ ಪಂಕ್ತಿಯಲ್ಲಿ ಇರುವುದೇ ಇಲ್ಲ.

ಈ ಮಾತನ್ನು ಲೆಕ್ಕ ಹಾಕಿ ತೋರಿಸಿದವರು ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞ. ಎರಡನೇ ಮಹಾಯುದ್ಧದ ಕಾಲ, 1943. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೂತು ಯುದ್ಧವಿಮಾನಗಳ ಲೆಕ್ಕ ನೋಡುತ್ತಿದ್ದರು. ಹೋರಾಡಿ ಮರಳಿದ ವಿಮಾನಗಳ ಮೈತುಂಬ ಗುಂಡಿನ ತೂತು. ಎಲ್ಲಿ ತೂತು ಜಾಸ್ತಿಯೋ ಅಲ್ಲಿ ದಪ್ಪ ಉಕ್ಕು ಹೊದಿಸೋಣ ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ? ವಾಲ್ಡ್ ಲೆಕ್ಕ ಉಲ್ಟಾ. ಅಲ್ಲಿ ಗುಂಡು ತಿಂದರೂ ಇವು ಮರಳಿ ಬಂದಿವೆಯಲ್ಲ! ಎಂಜಿನ್‌ಗೆ ತಿಂದವು ಬರಲೇ ಇಲ್ಲ, ಹಾಗಾಗಿ ಆ ತೂತುಗಳು ನಮ್ಮ ಕಣ್ಣಿಗೆ ಬೀಳುತ್ತಿಲ್ಲ. ಕಥೆ ಬಾಯಿಂದ ಬಾಯಿಗೆ ಬರುವಾಗ ಸ್ವಲ್ಪ ಬಣ್ಣ ಹಚ್ಚಿಕೊಂಡಿದೆ, ಲೆಕ್ಕ ಮಾತ್ರ ಗಟ್ಟಿ. ಇದೇ ವಾಲ್ಡ್ 1950ರಲ್ಲಿ ಉಪನ್ಯಾಸಕ್ಕೆಂದು ಭಾರತಕ್ಕೆ ಬಂದಿದ್ದರು. ನಮ್ಮ ಪಕ್ಕದ ನೀಲಗಿರಿ ಬೆಟ್ಟದಲ್ಲಿ ವಿಮಾನ ಬಿದ್ದು ಹೆಂಡತಿಯ ಜೊತೆಗೇ ತೀರಿಕೊಂಡರು. ನಿಮ್ಮ ಪ್ರಶ್ನೆಗೂ ಇದಕ್ಕೂ ಸಂಬಂಧವಿಲ್ಲ, ಹೇಳದೆ ಇರಲು ಮನಸ್ಸಾಗಲಿಲ್ಲ.

ಭಾವನ ಉಳಿದೆರಡು ಮಾತಿಗೆ ಇಷ್ಟು ಹೊತ್ತು ಬೇಡ. "ಹೌದು ಭಾವ, ಕಾಲೇಜಿಗೆ ಹೋಗುವಾಗ ಹಾಕ್ತಿರಲಿಲ್ಲ, ದಡ್ಡತನ" ಅಂದುಬಿಟ್ಟಿದ್ದರೆ ಎರಡನೆಯದು ಅಲ್ಲಿಗೇ ಮುಗಿಯುತ್ತಿತ್ತು. ಕಂಪನಿಯವರಿಗೆ ಲಾಭ ಇರುವುದು ನಿಜವೇ. ಛತ್ರಿ ಮಾರುವವನಿಗೂ ಲಾಭ ಇದೆ, ಹಾಗಂತ ಮಳೆ ಸುಳ್ಳಾ?

ಇನ್ನು ನಿಮ್ಮ ಸರದಿ. "ಯಾರೂ ಉಳಿಯಲ್ಲ" ಅಂದಿರಲ್ಲ, ಜಾರಿದ್ದು ಅಲ್ಲೇ. ಬಿದ್ದು ಎದ್ದು ಬಂದವರು ಪ್ರತಿ ಊರಲ್ಲೂ ಇದ್ದಾರೆ. ಅಂಥ ಒಬ್ಬರ ಹೆಸರು ಹೇಳಿದರೆ ಸಾಕು, ನಿಮ್ಮ ಮಾತು ಬಿದ್ದಂತೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಸಂಸ್ಥೆಯ 2008ರ ವರದಿ ಹೇಳುವುದು ಇಷ್ಟು: ಅಪಘಾತವಾದಾಗ ಹೆಲ್ಮೆಟ್ ಇದ್ದರೆ ಸಾಯುವ ಅಪಾಯ ಸುಮಾರು ಶೇ. 42, ತಲೆಗೆ ಪೆಟ್ಟಾಗುವ ಅಪಾಯ ಸುಮಾರು ಶೇ. 69 ಕಡಿಮೆ. ಇದಕ್ಕೆ ಉಪ್ಪು ಖಾರ ಹಚ್ಚುವ ಅಗತ್ಯವೇ ಇರಲಿಲ್ಲ.

ನಮ್ಮ ಹಳೆಯ ತರ್ಕಶಾಸ್ತ್ರದ ಗ್ರಂಥ, ಗೌತಮನ ನ್ಯಾಯಸೂತ್ರದಲ್ಲಿ ಚರ್ಚೆಗೆ ಮೂರು ಬಗೆ. ನಿಜ ಏನು ಅಂತ ತಿಳಿಯಲು ಮಾತಾಡಿದರೆ ವಾದ. ಗೆಲ್ಲಲೇಬೇಕು ಅಂತ ಮಾತಾಡಿದರೆ ಜಲ್ಪ. ತನ್ನದು ಅಂತ ಏನನ್ನೂ ಹೇಳದೆ ಎದುರಿನವನದನ್ನು ಬೀಳಿಸುತ್ತಾ ಹೋದರೆ ವಿತಂಡ. ವಿತಂಡವಾದ ಅಂತ ನಾವು ದಿನಾ ಬೈಯುತ್ತೇವೆ. ಜಲ್ಪವನ್ನು ಮರೆತೇಬಿಟ್ಟಿದ್ದೇವೆ, ಜಾಸ್ತಿ ಮಾಡುವುದು ಅದನ್ನೇ ಆದರೂ! ಜಲ್ಪದಲ್ಲಿ ಛಲಕ್ಕೂ ಜಾಗ ಇದೆ. ಕನ್ನಡದಲ್ಲಿ ಛಲ ಅಂದರೆ ಹಟ, ಅಲ್ಲಿ ಛಲ ಅಂದರೆ ಎದುರಿನವರ ಮಾತನ್ನು ತಿರುಚುವುದು. ಒಬ್ಬ ‘ನವ ಕಂಬಳಿ’ ಹೊದ್ದಿದ್ದಾನೆ, ಅಂದರೆ ಹೊಸದು. "ಎಲ್ಲಿ ಒಂಬತ್ತು? ಒಂದೇ ಇದೆಯಲ್ಲ" ಅಂತಾನೆ ಇನ್ನೊಬ್ಬ. ಚರ್ಚೆಯಲ್ಲಿ ಸೋಲುವುದಕ್ಕೂ 22 ದಾರಿಗಳನ್ನು ಪಟ್ಟಿ ಮಾಡಿದ್ದಾರೆ. ಊಟದ ಮಧ್ಯೆ ಮೊಬೈಲ್ ತೆಗೆಯುವುದು ಅದರಲ್ಲಿಲ್ಲ, ಸೇರಿಸಬಹುದಿತ್ತು.

ಅವತ್ತು ನಡೆದದ್ದು ಜಲ್ಪ, ಎರಡೂ ಕಡೆಯಿಂದ. ಹತ್ತು ಜನರ ಎದುರು ಭಾವ "ಸರಿ, ನಂದೇ ತಪ್ಪು" ಅನ್ನುತ್ತಾರೆ ಅಂತ ನೀವು ನಂಬಿದ್ದಿರಾ? ನಾನಾಗಿದ್ದರೆ ಅನ್ನುತ್ತಿರಲಿಲ್ಲ.

ಕೇಳುವವರು ಈಗಾಗಲೇ ಒಪ್ಪಿರುವುದರಿಂದ ಮಾತು ಶುರು ಮಾಡಬೇಕು ಅಂತ ಅರಿಸ್ಟಾಟಲ್ ಹೇಳಿದ್ದ. ನಿಮ್ಮ ಭಾವ ಒಪ್ಪಿರುವುದು ಏನು? ಪತ್ರದ ಕೊನೆ ಸಾಲು ಮತ್ತೆ ಓದಿ ನೋಡಿ. ಅಕ್ಕನ ತಲೆಗೆ ಹೆಲ್ಮೆಟ್ ಬೇಕು ಅಂತ ಅವರೇ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಒಪ್ಪಿದ್ದಾರೆ. ಪೊಲೀಸರ ದಂಡಕ್ಕೆ ಹೆದರಿ ಅದನ್ನು ತಂದಿದ್ದು ಅನ್ನಬಹುದು. ಓಡಿಸುವವರಿಗೂ ದಂಡ ಇದೆಯಲ್ಲ! ಹಾಗಾದರೆ ಅವರು ಹಾಕದಿರಲು ಕಾರಣ ಊಟದ ಹೊತ್ತಲ್ಲಿ ಹೇಳಿದ ಆ ಮೂರೂ ಅಲ್ಲ. ಸೆಕೆಯೋ, ಕತ್ತು ನೋವೋ, ಕೂದಲು ಉದುರುವ ಚಿಂತೆಯೋ ಇರಬಹುದು.

ಯಾರೂ ಇಲ್ಲದಾಗ, ಬೈಕ್ ತೊಳೆಯುತ್ತಿರುವಾಗ ಹೋಗಿ ಕೇಳಿ: "ಭಾವ, ಅಕ್ಕನಿಗೆ ಯಾಕೆ ತಂದ್ರಿ?" ಕೇಳಿ ಸುಮ್ಮನಿರಿ. ಏನಂದರು ಅಂತ ನಮಗೂ ಬರೆಯಿರಿ.