ಸಿಹಿನೀರು ತಿಂದ ಹಲಗೆ

ಪ್ರಶ್ನೆ: ಗಂಗೊಳ್ಳಿಯಲ್ಲಿ ಮಾವನವರು ಮೀನಿಗೆ ಹೋಗುತ್ತಿದ್ದ ಮರದ ದೋಣಿಯನ್ನು ಲಾರಿಯಲ್ಲಿ ತರಿಸಿ ಕೆಂಗೇರಿಯ ನಮ್ಮ ಸೈಟಿನಲ್ಲಿ ಇಟ್ಟಿದ್ದೇವೆ. ಟಾರ್ಪಾಲು ಬಿಗಿಯಾಗಿ ಕಟ್ಟಿದ್ದರೂ ತಳದ ಹಲಗೆ ಬೆರಳಿಗೇ ಪುಡಿಯಾಗುತ್ತಿದೆ. ಪುಟ್ಟಿ ತುಂಬಿ ಹೊರಗಡೆ ಫೈಬರ್ ಹೊದಿಸಿದರೆ ಸಾಕು ಅನ್ನುತ್ತಾರೆ ಇಲ್ಲಿಯ ಬಡಗಿ. ಸಮುದ್ರದಲ್ಲಿ ಕೆಡದ ಮರ ಇಲ್ಲಿ ಯಾಕೆ ಕೆಟ್ಟಿತು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ದೋಣಿ ಉಳಿಯುತ್ತದೆ, ಫೈಬರ್ ಮಾತ್ರ ಬೇಡ.

ಕೆಡಿಸಿದ್ದು ಮಳೆನೀರು. ಮರ ಕೊಳೆಸುವ ಬೂಷ್ಟಿಗೆ ಉಪ್ಪುನೀರು ಒಗ್ಗುವುದಿಲ್ಲ. ಸಮುದ್ರದಲ್ಲಿ ಕಾಟ ಕೊಡುವುದು ಮರ ಕೊರೆಯುವ ಹುಳು. ಮರದ ತೇವ ಶೇಕಡಾ 20 ದಾಟಿ ಹಾಗೇ ನಿಂತರೆ ಬೂಷ್ಟಿಗೆ ದಾರಿಯಾಯಿತು. ನಿಮ್ಮ ಟಾರ್ಪಾಲು ಒಳಗಿನ ತೇವವನ್ನು ಹೊರಬಿಡದೆ ಹಿಡಿದಿಟ್ಟಿದೆ. ಇವತ್ತೇ ಅದನ್ನು ಬಿಚ್ಚಿ, ನಾಲ್ಕು ಕಂಬ ನೆಟ್ಟು ಚಪ್ಪರದ ಹಾಗೆ ಎತ್ತರಕ್ಕೆ ಕಟ್ಟಿ. ಸುತ್ತ ಗಾಳಿ ಆಡಲಿ.

ಫೈಬರ್ ಯಾಕೆ ಬೇಡವೆಂದರೆ, ಹಲಗೆ ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಫೈಬರ್ ಅದರ ಜೊತೆ ಆಡುವುದಿಲ್ಲ. ಒಳಗಡೆಯಿಂದ ಇಳಿದ ನೀರು ಎರಡರ ನಡುವೆ ಸಿಕ್ಕಿಕೊಂಡು, ಹೊರಗೆ ಮಿರಮಿರ ಮಿಂಚುವಾಗಲೇ ಒಳಗೆ ಕೊಳೆ ಹಬ್ಬುತ್ತಿರುತ್ತದೆ.

ಕೊಡತಿಯಿಂದ ಹಲಗೆಯುದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಮರ ಠಣ್ ಅನ್ನುತ್ತದೆ, ಕೆಟ್ಟದ್ದು ಬೊದ್ದು ಸದ್ದು ಕೊಡುತ್ತದೆ. ಅಲ್ಲಿ ದಬ್ಬಳ ಚುಚ್ಚಿ ನೋಡಿ. ಕಬ್ಬಿಣದ ಮೊಳೆಗಳ ಸುತ್ತ ಮರ ಕಪ್ಪಾಗಿ ಮೆತ್ತಗಾಗಿದ್ದರೆ ಅದೂ ಹೋದಂತೆಯೇ. ಕೊಳೆ ಕಣ್ಣಿಗೆ ಕಂಡಲ್ಲಿಗೇ ನಿಲ್ಲುವುದಿಲ್ಲ, ಅದನ್ನು ದಾಟಿ ಒಂದು ಗೇಣಾದರೂ ಗಟ್ಟಿ ಮರದೊಳಗೆ ಹೋಗಿ ಕತ್ತರಿಸಬೇಕು. ಇಲ್ಲಿ ಕೈ ಬಿಗಿಹಿಡಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎರಡಡಿ ಮರ ಉಳಿಸಲು ಹೋಗಿ ಇಡೀ ದೋಣಿ ಕಳೆದುಕೊಳ್ಳುತ್ತಾರೆ.

ಬಿಚ್ಚುವ ಮೊದಲು ಎರಡೂ ಬದಿಗೆ ಊರೆ (ಆಸರೆಯ ಕಂಬ) ಕೊಡಿ, ಇಲ್ಲವಾದರೆ ದೋಣಿಯ ಆಕಾರವೇ ಕೆಡುತ್ತದೆ. ಒಂದು ಸಲಕ್ಕೆ ಒಂದೇ ಹಲಗೆ. ತೆಗೆದದ್ದನ್ನು ಒಲೆಗೆ ಹಾಕಬೇಡಿ, ಎಷ್ಟೇ ಕೊಳೆತಿದ್ದರೂ ಹೊಸ ಹಲಗೆಗೆ ಅದೇ ಅಳತೆ. ಜೋಡಣೆಯ ತುದಿಗಳನ್ನು ಓರೆಯಾಗಿ ಕೊರೆಯಬೇಕು: ಒಂದಿಂಚು ದಪ್ಪಕ್ಕೆ ಓರೆಯ ಉದ್ದ 8 ಇಂಚಿಗೆ ಕಡಿಮೆ ಬೇಡ, 12 ಆದರೆ ಇನ್ನೂ ಭದ್ರ. ಅಕ್ಕಪಕ್ಕದ ಹಲಗೆಗಳ ಜೋಡಣೆ ಒಂದೇ ಸಾಲಿಗೆ ಬರಬಾರದು. ಮೊಳೆ ತಾಮ್ರದ್ದೇ ಆಗಲಿ.

ಮರ ಯಾವುದೆಂದು ಗೊತ್ತಿಲ್ಲದಿದ್ದರೆ ಗಟ್ಟಿ ತುಂಡೊಂದನ್ನು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಒಯ್ದು ತೋರಿಸಿ. ನಮ್ಮ ಕರಾವಳಿಯ ದೋಣಿಗಳಿಗೆ ಹೆಬ್ಬಲಸು ಹೇಳಿ ಮಾಡಿಸಿದ ಮರ. ಮೈಸೂರು ರಸ್ತೆಯ ಮರದ ಮಂಡಿಗಳಲ್ಲಿ ವಿಚಾರಿಸುವಾಗ ಚೇಗು (ಮರದ ಒಳಗಿನ ಗಟ್ಟಿ ತಿರುಳು) ಇರುವ, ಚೆನ್ನಾಗಿ ಒಣಗಿದ ಹಲಗೆಯನ್ನೇ ಕೇಳಿ. ಅಂಚಿನ ಬಿಳಿಮರ ಸೇರಿದ್ದರೆ ಅಗ್ಗವಾದರೂ ಬೇಡ. ಕೆಲಸಕ್ಕೆ ಮಾತ್ರ ಗಂಗೊಳ್ಳಿ ಅಥವಾ ಮಲ್ಪೆ ಕಡೆಯಿಂದ ದೋಣಿ ಕಟ್ಟಿ ಪಳಗಿದ ಆಚಾರಿಯೊಬ್ಬರನ್ನು ಕರೆಸಿ. ಬಾಗಿಲು ಕಿಟಕಿ ಮಾಡಿದ ಕೈಗೆ ಈ ಬಾಗು ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ.

ಕೊನೆಗೆ ಸಂದು ತುಂಬುವ ಕೆಲಸ. ಬೆಂಗಳೂರಿನ ಮಾರ್ಚ್ ಬಿಸಿಲಿಗೆ ಹಲಗೆ ಕುಗ್ಗಿ ಸಂದು ಅಗಲವಾಗಿ ಕಾಣುತ್ತದೆ. ಆಗ ಹತ್ತಿಯ ಹುರಿಯನ್ನು ಬಡಿದು ಬಡಿದು ತುಂಬಿಸಬೇಡಿ. ನೀರಿಗಿಳಿದ ಮೇಲೆ ಹಲಗೆ ಉಬ್ಬಿ, ಜಾಗ ಸಾಲದೆ ಮೊಳೆಯನ್ನೇ ಕೀಳುತ್ತದೆ. ಹಗುರಾಗಿ ತುಂಬಿಸಿ, ಒಳಗೂ ಹೊರಗೂ ಗೇರು ಎಣ್ಣೆ (ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು) ಬಳಿಯಿರಿ. ಇಳಿಸಿದ ಮೊದಲ ದಿನಗಳಲ್ಲಿ ನೀರು ಒಸರಿದರೆ ಗಾಬರಿಯಾಗಬೇಡಿ, ಹಲಗೆ ಉಬ್ಬುವ ತನಕ ಮೊಗೆದು ಹಾಕುತ್ತಿರಿ.