ರೊಮೇನಿಯಾದಲ್ಲಿ ಅವಿವಾಹಿತರ ಸಮಾಧಿಗೆ ಫರ್ ಮರ ನೆಡುವುದೇಕೆ?
ಅದು ಸತ್ತವರಿಗೆ ಮಾಡುವ ಮದುವೆ; ಸೂಜಿಯಂಥ ಎಲೆಯ ಫರ್ ಮರವೇ ಅಲ್ಲಿ ವಧು ಅಥವಾ ವರ. ಹುಟ್ಟು, ಮದುವೆ, ಸಾವು ಈ ಮೂರೂ ಆಗದೆ ಬಾಳು ಪೂರ್ತಿಯಾಗದು ಎಂಬುದು ಹಳ್ಳಿಗರ ನಂಬಿಕೆ. ಮದುವೆಯ ಆಸೆ ಉಳಿದ ಜೀವ 'ಸ್ತ್ರಿಗೊಯ್', ಅಂದರೆ ಕಾಡುವ ಪ್ರೇತವಾಗಿ ಮರಳಬಹುದೆಂಬ ಭಯವೂ ಇದೆ. ಹಾಗಾಗಿ ಶವಕ್ಕೆ ಮದುವೆಯ ಉಡುಪು ತೊಡಿಸಿ ಕಳಿಸುತ್ತಾರೆ.

ರೊಮೇನಿಯಾದ ಓಲ್ಟೇನಿಯಾ, ಬನಾತ್, ಹುನೆದೊವಾರಾ ಕಡೆ ಯುವಕರು ಕಾಡಿನಿಂದ ಫರ್ ಕಡಿದು ತರುತ್ತಾರೆ. ಕೆಳಗಿನ ಕೊಂಬೆ ಸವರಿ, ತುದಿಯ ಹಸಿರು ಉಳಿಸಿ, ಬಣ್ಣದ ಉಣ್ಣೆ, ಕರವಸ್ತ್ರ, ಹೂವು ಕಟ್ಟುತ್ತಾರೆ. ಆಗ ಹೆಂಗಸರು ಹಾಡುವ 'ಫರ್ ಮರದ ಹಾಡು' ಎದೆ ಕಲಕುವಂಥದ್ದು: ಸುಳ್ಳು ಹೇಳಿ ಕರೆತಂದು ತನ್ನನ್ನು ಸಮಾಧಿಯ ತಲೆಗೆ ನಿಲ್ಲಿಸಿದರೆಂದು ಮರವೇ ಅಳುತ್ತದೆ. ಬೇರಿಲ್ಲದ ಮರ ಅಲ್ಲೇ ಒಣಗುತ್ತದೆ; ತಾನಾಗಿ ಬೀಳುವವರೆಗೆ ಅದನ್ನು ಕೀಳುವುದಿಲ್ಲ.